ಗಾಜಿನ ಎಳೆಗೊಂದು ಗೂಡು

ತಾತನ ಪಿಂಚಣಿ ಖಾತೆಗೆ ಬಂತೇ ಎಂದು ನೋಡಬೇಕು. ಮೊಮ್ಮಗಳು ಕಂಪ್ಯೂಟರಿನಲ್ಲಿ ಪಾಠ ಕೇಳಬೇಕು. ಪಡಿತರ ಅಂಗಡಿಯಲ್ಲಿ ಅಜ್ಜಿಯ ಹೆಬ್ಬೆರಳು ಹೊಂದಬೇಕು. ಈ ಮೂರು ಕೆಲಸಕ್ಕೂ ಸುದ್ದಿ ಸಾಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಗಾಜಿನ ಎಳೆ ಇದ್ದೇ ಇರುತ್ತದೆ. ಅದೇ ಆಪ್ಟಿಕಲ್ ಫೈಬರ್.

ಗಾಜನ್ನು ಅತಿ ಶುದ್ಧವಾಗಿ ತಯಾರಿಸಿದರೆ ಅದರೊಳಗೆ ಬೆಳಕಿನ ಮೂಲಕ ಸುದ್ದಿಯನ್ನು ಬಹುದೂರ ಕಳಿಸಬಹುದು ಎಂದು 1966ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವೋ. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮ್ಮ ಹರದನಹಳ್ಳಿಯಂಥ ಊರುಗಳ ಪಂಚಾಯಿತಿಗಳಿಗೂ ಈ ಎಳೆಯನ್ನು ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಈಗಿನ ಹೆಸರು ಭಾರತ್‌ನೆಟ್.

ಮಕ್ಕಳೇ, ಈ ಎಳೆ ಎಷ್ಟು ಸಣ್ಣದು ಗೊತ್ತೇ? ಮೇಲಿನ ಪ್ಲಾಸ್ಟಿಕ್ ಲೇಪ ತೆಗೆದರೆ ಗಾಜಿನ ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವುದು ಅದರ ನಡುವಿನ ತಿರುಳಿನಲ್ಲಿ. ಅಂಥ ನೂರಕ್ಕೂ ಹೆಚ್ಚು ತಿರುಳುಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮಿಲಿಮೀಟರ್ ಆದೀತು!

ಕೇಬಲ್ ಡ್ರಮ್ಮುಗಳಲ್ಲಿ ಬರುತ್ತದೆ. ಒಂದು ಡ್ರಮ್ಮಿನಲ್ಲಿ ಕೆಲವೇ ಕಿಲೋಮೀಟರು. ಹಾಗಾಗಿ ದಾರಿಯುದ್ದಕ್ಕೂ ಬೆಸುಗೆ ಹಾಕಲೇಬೇಕು. ಲೇಪ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನು ಯಂತ್ರದಲ್ಲಿ ಎದುರುಬದುರು ಇಡುತ್ತಾರೆ. ವಿದ್ಯುತ್ ಕಿಡಿಗೆ ಗಾಜು ಕರಗಿ ಒಂದಾಗುತ್ತದೆ. ಒಳ್ಳೆಯ ಬೆಸುಗೆಯಲ್ಲಿ ನಷ್ಟವಾಗುವ ಬೆಳಕು ನೂರಕ್ಕೆ ಎರಡು ಪಾಲಿಗಿಂತಲೂ ಕಡಿಮೆ.

ಆದರೆ ಬೆಸೆದ ಜಾಗದಲ್ಲಿ ಲೇಪವಿಲ್ಲ. ಬರೀ ಗಾಜು ತಾನೇ, ಸ್ವಲ್ಪ ಬಳುಕಿದರೂ ಮುರಿಯುತ್ತದೆ. ಅದಕ್ಕೆ ಸಣ್ಣ ಉಕ್ಕಿನ ಕಡ್ಡಿಯಿರುವ ಕೊಳವೆಯೊಂದನ್ನು ತೊಡಿಸಿ, ಬಿಸಿ ಮಾಡಿ ಬಿಗಿಯಾಗಿಸುತ್ತಾರೆ. ಆಮೇಲೆ ಬರುವುದೇ ತಟ್ಟೆ, ಅಂದರೆ ಟ್ರೇ.

ರಸ್ತೆ ಬದಿಯಲ್ಲಿ ಪೈಪಿಗಾಗಿ ಅಗೆದಾಗ ಕೇಬಲ್ ತುಂಡಾಗಿತ್ತು. ಅದನ್ನು ಸರಿಪಡಿಸುತ್ತಿದ್ದ ಹುಡುಗನ ಪಕ್ಕದಲ್ಲಿ ಕೂತು ನಾನು ಇದನ್ನೆಲ್ಲ ನೋಡಿದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಹನ್ನೆರಡು ಕೊಳವೆಗಳಿಗೆ ಹನ್ನೆರಡು ಸಾಲು. ಸುತ್ತಲೂ ಎಳೆಯನ್ನು ಸುರುಳಿ ಸುತ್ತಿಡಲು ಜಾಗ.

“ಇಷ್ಟುದ್ದ ಯಾಕಪ್ಪ ಸುತ್ತಿಟ್ಟಿದ್ದೀಯ? ಕತ್ತರಿಸಿಬಿಡಬಾರದಾ?” ಎಂದೆ.

“ನಾಳೆ ಮುರಿದ್ರೆ ಮತ್ತೆ ಬೆಸೆಯೋಕೆ ಎಳೆ ಬೇಕಲ್ಲ ತಾತ! ಒಂದೊಂದು ಸಲವೂ ತುದಿ ಕತ್ತರಿಸಬೇಕಾಯ್ತದೆ” ಎಂದ.

ಬ್ಯಾಂಕಿನಲ್ಲಿ ದುಡಿದ ನನಗೆ ತಕ್ಷಣ ಅರ್ಥವಾಯಿತು, ಅದು ಎಳೆಯ ಉಳಿತಾಯ ಖಾತೆ! ಆದರೆ ಹೇಗೆಂದರೆ ಹಾಗೆ ಸುತ್ತುವಂತಿಲ್ಲ. ತೀರಾ ಚಿಕ್ಕದಾಗಿ ಬಾಗಿಸಿದರೆ ಬೆಳಕು ಆ ತಿರುವಿನಲ್ಲೇ ಹೊರಗೆ ಸೋರಿಹೋಗುತ್ತದೆ. ಸಾಮಾನ್ಯವಾಗಿ ಸುರುಳಿಯ ಅಗಲ ಆರು ಸೆಂಟಿಮೀಟರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ತಟ್ಟೆಯ ಬಾಗಿದ ಅಂಚುಗಳಿರುವುದೇ ಅದಕ್ಕಾಗಿ.

ಎಳೆಗಳಿಗೆ ಬಣ್ಣಗಳೂ ಇವೆ. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಸಾಲಾಗಿ ಹನ್ನೆರಡು. ನೀಲಿಗೆ ನೀಲಿ, ಹಸಿರಿಗೆ ಹಸಿರು ಕೂಡಬೇಕು. ಹನ್ನೆರಡು ಮುಗಿದರೆ ಇನ್ನೊಂದು ತಟ್ಟೆ. ತಟ್ಟೆಗಳು ಒಂದರ ಮೇಲೊಂದು ಕೂತು, ಪುಸ್ತಕದ ಹಾಳೆಯಂತೆ ತೆರೆದುಕೊಳ್ಳುತ್ತವೆ.

“ಉಳಿದ ತಟ್ಟೆಗಳಲ್ಲಿ ಈಗ್ಲೂ ಬೆಳಕು ಓಡ್ತಾ ಅದೆ ತಾತ. ಅದನ್ನ ಎಳೆದ್ರೆ ಇನ್ನೊಂದೂರಿನ ಲೈನು ಹೋಯ್ತದೆ” ಎಂದು ಹುಡುಗ ಮೇಲಿನ ತಟ್ಟೆಯನ್ನು ಮೆಲ್ಲಗೆ ಎತ್ತಿ ನಿಲ್ಲಿಸಿದ. ಹಿಂದೊಮ್ಮೆ ಬೇರೆಲ್ಲೋ ಪೆಟ್ಟಿಗೆ ತೆರೆದಾಗ ಎಳೆಗಳನ್ನೆಲ್ಲ ಒಂದೇ ಕಂತೆಯಾಗಿ ಟೇಪು ಸುತ್ತಿಟ್ಟಿದ್ದರಂತೆ. ಒಂದನ್ನು ಬಿಡಿಸಲು ಹೋಗಿ ಎರಡು ಮುರಿದು, ಅರ್ಧ ದಿನದ ಕೆಲಸ ಎರಡು ದಿನವಾಯಿತಂತೆ. ಆ ಎರಡು ದಿನ ಯಾವ ಅಜ್ಜಿ ಪಡಿತರಕ್ಕೆ ಕಾದು ಬರಿಗೈಲಿ ಮನೆಗೆ ಹೋದಳೋ!

ಕೆಲಸ ಮುಗಿದ ಮೇಲೆ ತಟ್ಟೆಗಳನ್ನೆಲ್ಲ ಗುಮ್ಮಟದಂಥ ಪೆಟ್ಟಿಗೆಯೊಳಗೆ ಇಟ್ಟು, ನೀರು, ಧೂಳು, ಇರುವೆ ನುಗ್ಗದಂತೆ ಮುಚ್ಚುತ್ತಾರೆ. ರೇಷ್ಮೆ ಹುಳುವಿಗೆ ಗೂಡು ಇದ್ದಂತೆ ಗಾಜಿನ ಎಳೆಗೂ ಒಂದು ಗೂಡು. ಇದ್ದದ್ದು ಇದ್ದಲ್ಲೇ ಇದ್ದರೆ ಕೆಟ್ಟದ್ದನ್ನು ಸರಿಮಾಡುವಾಗ ಒಳ್ಳೆಯದು ಕೆಡುವುದಿಲ್ಲ. ಇಡೀ ವ್ಯವಸ್ಥೆಯ ಗುಟ್ಟು ಇಷ್ಟೇ.

ಮಕ್ಕಳೇ, ಎರಡು ಮಾತು ನೆನಪಿರಲಿ. ತುಂಡಾದ ಫೈಬರಿನ ತುದಿಗೆ ಕಣ್ಣಿಟ್ಟು ನೋಡಬೇಡಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣದು, ಆದರೂ ಕಣ್ಣಿಗೆ ಕೆಡುಕು. ಬಿದ್ದ ಚೂರುಗಳನ್ನು ಮುಟ್ಟಲೂ ಬೇಡಿ, ಚರ್ಮಕ್ಕೆ ಚುಚ್ಚಿದರೆ ತೆಗೆಯುವುದು ಕಷ್ಟ.

ಹಿರಿಯರಿಗೂ ಒಂದು ಮಾತು. ರಸ್ತೆ ಬದಿ ಅಗೆಸುವ ಮುಂಚೆ ಕೇಬಲಿನ ಗುರುತುಕಲ್ಲು ಇದೆಯೇ ನೋಡಿ, ಪಂಚಾಯಿತಿಯಲ್ಲಿ ವಿಚಾರಿಸಿ. ಅಗೆಯುವವರಿಗೂ ಕೇಬಲಿನವರಿಗೂ ಸಂಪರ್ಕ ಕಲ್ಪಿಸಲೆಂದೇ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂದಿದೆ. ಜೆಸಿಬಿ ತರಿಸುವವರಿಗೆ ಅದನ್ನು ನೆನಪಿಸುವ ಕೆಲಸವನ್ನು ನಿಮ್ಮ ಮೊಮ್ಮಕ್ಕಳಿಗೇ ವಹಿಸಿ.