ಒಟಿಪಿ ಗಂಡನ ಫೋನಿಗೆ, ಕೂಸಿನ ಆಹಾರ ಅಂಗನವಾಡಿಯಲ್ಲೇ! ಏನಿದು ಎಫ್‌ಆರ್‌ಎಸ್, ತೊಡಕು ಎಲ್ಲಿ?

ಕೊಪ್ಪಳ: ಕೂಸನ್ನು ಎತ್ತಿಕೊಂಡು ತಾಯಿ ಅಂಗನವಾಡಿಗೆ ಬರ್ತಾಳೆ. ಅಕ್ಕೋರು ಮೊಬೈಲ್ ತೆಗೆದು ಆಕೆಯ ಆಧಾರ್ ನಂಬರ್ ಹಾಕ್ತಾರೆ. 'ಒಟಿಪಿ ಬಂತೇನವಾ?' ಅಂತ ಕೇಳಿದ್ರೆ ಆಕೆಯ ಹತ್ರ ಫೋನೇ ಇಲ್ಲ. ಆಧಾರ್‌ಗೆ ಕೊಟ್ಟಿರೋದು ಗಂಡನ ನಂಬರ್. ಆತ ಗುಳೆ ಹೋಗಿದ್ದಾನೆ. ಕೆಲಸದ ನಡುವೆ ಆತ ಫೋನ್ ಎತ್ತುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತೆ. ಗುಳೆ ಹೋಗುವ ಊರುಗಳಲ್ಲಿ ಇದು ಮಾಮೂಲಿ ತೊಡಕು.

ಏನಿದು ಎಫ್‌ಆರ್‌ಎಸ್?

ಎಫ್‌ಆರ್‌ಎಸ್ ಅಂದ್ರೆ ಮುಖ ಗುರುತಿಸುವ ವ್ಯವಸ್ಥೆ. ಅಂಗನವಾಡಿಗಳ ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ 'ಪೋಷಣ್ ಟ್ರ್ಯಾಕರ್' ಆ್ಯಪ್ ತಂದಿತು. ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಕೊಡಲು 2025ರ ಜುಲೈ 1ರಿಂದ ಇದೇ ಆ್ಯಪ್‌ನಲ್ಲಿ ಮುಖದ ಫೋಟೋ ಕಡ್ಡಾಯವಾಗಿದೆ. 6 ತಿಂಗಳಿಂದ 3 ವರ್ಷದ ಮಕ್ಕಳಿಗಾದರೆ ತಾಯಿ ಅಥವಾ ಪೋಷಕರ ಫೋಟೋ ತೆಗೀಬೇಕು. ಅದಕ್ಕೂ ಮೊದಲು ಇ-ಕೆವೈಸಿ ಆಗಬೇಕು. ಅದರ ಒಟಿಪಿ ಆಧಾರ್‌ಗೆ ಜೋಡಿಸಿದ ನಂಬರಿಗೇ ಹೋಗುತ್ತದೆ. ಆಹಾರ ಸೋರಿಕೆ ತಡೆಯೋದು ಉದ್ದೇಶ.

ಸಮಸ್ಯೆ ಎಲ್ಲಿ?

ಪ್ರತಿ ಹೆಣ್ಣುಮಗಳ ಕೈಯಲ್ಲೂ ಫೋನ್ ಇದೆ ಅಂತ ಅಂದ್ಕೊಂಡು ಈ ವ್ಯವಸ್ಥೆ ಮಾಡಲಾಗಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ಶೇ 54 ಮಾತ್ರ. ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದ ಗಂಡಸರು ಶೇ 57, ಹೆಂಗಸರು ಶೇ 33.

ಕಾರ್ಯಕರ್ತೆಯರ ಪಾಡೂ ಕಷ್ಟವೇ. ನೆಟ್‌ವರ್ಕ್ ಸಿಗಲ್ಲ, ಮೊಬೈಲ್ ಹ್ಯಾಂಗ್ ಆಗುತ್ತೆ, ಮುಖ ಹೊಂದಲ್ಲ. ಆಹಾರ ಸಿಗದ ತಾಯಂದಿರ ಬೈಗುಳ ಮಾತ್ರ ಅಕ್ಕೋರಿಗೆ. ಎಫ್‌ಆರ್‌ಎಸ್ ಕೈಬಿಡಿ ಅಂತ ಅಂಗನವಾಡಿ ನೌಕರರ ಸಂಘಟನೆಗಳು ರಾಜ್ಯದ ಹಲವೆಡೆ ಪ್ರತಿಭಟನೆಯನ್ನೂ ಮಾಡಿವೆ.

ತಾಯಂದಿರು ಏನು ಮಾಡಬಹುದು?

* ನಿಮ್ಮದೇ ನಂಬರ್ ಇದ್ದರೆ ಆಧಾರ್‌ಗೆ ಅದನ್ನೇ ಜೋಡಿಸಿ. ಇದಕ್ಕೆ ಹಳೇ ನಂಬರಿನ ಒಟಿಪಿ ಬೇಕಿಲ್ಲ, ಬೆರಳಚ್ಚು ಸಾಕು.
* ಆಧಾರ್ ಕೇಂದ್ರಕ್ಕೆ ಹೋಗಲಾಗದವರು ಪೋಸ್ಟ್‌ಮ್ಯಾನ್ ಅವರನ್ನು ಕೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಮನೆ ಬಾಗಿಲಲ್ಲೇ ನಂಬರ್ ಬದಲಿಸುವ ಸೌಲಭ್ಯ ಇದೆ. ಶುಲ್ಕ ಕೊಡಬೇಕಾಗುತ್ತದೆ.
* ಆದರೂ ಆಹಾರ ಸಿಗದಿದ್ದರೆ ತಾಲೂಕಿನ ಸಿಡಿಪಿಒ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ.

ಕೇಳಬೇಕಾದವರು ಯಾರು?

ಮಹಿಳೆ ಮತ್ತು ತಂತ್ರಜ್ಞಾನ ಅಂದ ಕೂಡಲೇ ಬೆಂಗಳೂರಿನ ಐಟಿ ಕಂಪನಿಗಳೇ ನೆನಪಾಗುತ್ತವೆ. ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಲ್ಲಿ ದಿನಾ ಆ್ಯಪ್ ಹಿಡಿದು ದುಡಿಯುವ ಕಾರ್ಯಕರ್ತೆಯರೂ ತಂತ್ರಜ್ಞಾನದ ಕೆಲಸದವರೇ. ಯಾವ ಊರಲ್ಲಿ ಸಿಗ್ನಲ್ ಬರಲ್ಲ, ಯಾವ ಮನೆಯಲ್ಲಿ ಫೋನ್ ಯಾರ ಕೈಲಿರುತ್ತೆ ಅನ್ನೋದು ಅವರಿಗೆ ಗೊತ್ತು. ಹೊಸ ನಿಯಮ ತರುವ ಮುಂಚೆ ಅವರನ್ನು ಕರೆದು ಕೇಳಿದರೆ ತೊಡಕು ಅರ್ಧ ಅಲ್ಲೇ ಬಗೆಹರಿಯುತ್ತೆ. ಒಟಿಪಿ ಬಾರದಿದ್ದರೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಆಹಾರ ಕೊಡುವ ದಾರಿಯೂ ಇರಬೇಕು. ನೆಟ್‌ವರ್ಕ್ ಬರೋತನಕ ಕೂಸಿನ ಹಸಿವು ಕಾಯಲ್ಲ.