ಕೆ.ಇ.ಬಿ. ಮಾರಾಟವಾಯಿತೆ?

ಮನೆಯ ದೀಪ ಆರಿದೊಡನೆ ‘ಕೆ.ಇ.ಬಿ.ಯವರಿಗೆ ಫೋನು ಮಾಡಿ’ ಎಂಬ ಮಾತು ನಮ್ಮ ಊರುಗಳಲ್ಲಿ ಇಂದಿಗೂ ಸಹಜವಾಗಿ ಹೊರಡುತ್ತದೆ. 1957ರಲ್ಲಿ ಮೈಸೂರು ರಾಜ್ಯದ ವಿದ್ಯುಚ್ಛಕ್ತಿ ಮಂಡಲಿಯಾಗಿ ಹುಟ್ಟಿ, ರಾಜ್ಯದ ನಾಮಾಂತರದ ತರುವಾಯ ಕರ್ನಾಟಕದ ಹೆಸರನ್ನು ಹೊತ್ತ ಆ ಸಂಸ್ಥೆ 1999ರಲ್ಲಿಯೇ ತನ್ನ ಅಸ್ತಿತ್ವವನ್ನು ನೀಗಿಕೊಂಡಿತಾದರೂ ಜನರ ನಾಲಗೆಯ ಮೇಲೆ ಅದಕ್ಕಿನ್ನೂ ಮರಣವಿಲ್ಲ. ಹೆಸರು ಉಳಿದುದಕ್ಕೆ ಯಾರೂ ವ್ಯಸನಪಡಬೇಕಾದುದಿಲ್ಲ. ಅದರ ಸುತ್ತ ಬೆಳೆದಿರುವ ಕಲ್ಪನೆಗಳ ವಿಷಯ ಮಾತ್ರ ಬೇರೆ.

ಅವುಗಳಲ್ಲಿ ಮೊದಲನೆಯದು, ಮಂಡಲಿ ಕಂಪನಿಯಾಯಿತು, ಆದುದರಿಂದ ಅದು ಖಾಸಗಿಯವರ ಪಾಲಾಯಿತು ಎಂಬುದು. 1999ರ ಸುಧಾರಣಾ ಶಾಸನದ ಮೇರೆಗೆ ಪ್ರಸರಣದ ಭಾರವು ವಿದ್ಯುತ್ ಪ್ರಸರಣ ನಿಗಮಕ್ಕೆ ಸಂದಿತು. 2002ರ ಜೂನ್ 1ರಿಂದ ವಿತರಣೆಯು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಗಳನ್ನು ಕೇಂದ್ರವಾಗುಳ್ಳ ನಾಲ್ಕು ಕಂಪನಿಗಳಿಗೆ ಹಂಚಿಹೋಯಿತು. 2005ರಲ್ಲಿ ಮೈಸೂರಿನ ಚಾಮುಂಡೇಶ್ವರಿ ನಿಗಮ ಐದನೆಯದಾಗಿ ಸೇರಿತು. ಕಂಪನಿಯೆಂಬುದು ಕಾನೂನು ತೊಡಿಸಿದ ಒಂದು ವೇಷ. ಒಡೆಯನಾರೆಂದು ತಿಳಿಯಬೇಕಾದರೆ ಷೇರುಗಳು ಯಾರಲ್ಲಿವೆಯೆಂದು ಕೇಳಬೇಕು, ಇಲ್ಲಿ ಅವು ಸರ್ಕಾರದಲ್ಲಿವೆ. ವಿತರಣೆಯನ್ನು ಖಾಸಗಿಯವರಿಗೊಪ್ಪಿಸುವ ಆಲೋಚನೆ ಆ ದಿನಗಳಲ್ಲಿ ಇದ್ದುದುಂಟು, ನೆರವೇರಲಿಲ್ಲ. ಗಾಳಿಯಲ್ಲಿ ತೇಲುತ್ತಿದ್ದ ಆ ಆಲೋಚನೆಯನ್ನೇ ಜನ ನಡೆದುಹೋದ ಕಾರ್ಯವೆಂದು ಬಗೆದರು.

ಹಿಂದೆ ವಿದ್ಯುತ್ತು ನಿರ್ಮಲವಾದ ಸೇವೆಯಾಗಿತ್ತು, ವ್ಯಾಪಾರವಾದದ್ದು ಈಚೆಗೆ ಎಂದು ಹಿರಿಯರು ನಿಟ್ಟುಸಿರಿಡುವುದುಂಟು. 1902ರಲ್ಲಿ ಶಿವನಸಮುದ್ರದಿಂದ ಹೊರಟ ಶಕ್ತಿ ಮೊದಲು ತಲಪಿದ್ದು ಯಾವ ಬಡವನ ಗುಡಿಸಲನ್ನೂ ಅಲ್ಲ, ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಸರ್ಕಾರವು ಅಂದಿನಿಂದಲೇ ವರ್ತಕನಾಗಿತ್ತು, ಅದರಲ್ಲಿ ಅವಮಾನವೇನೂ ಇರಲಿಲ್ಲ.

ಇವೆಲ್ಲಕ್ಕಿಂತ ಗಾಢವಾಗಿ ಬೇರೂರಿರುವುದು, ಕರೆಂಟಿನ ದರವನ್ನು ಏರಿಸುವವರೂ ಇಳಿಸುವವರೂ ಮಂತ್ರಿಗಳೇ ಎಂಬ ನಂಬಿಕೆ. 1999ರಲ್ಲಿ ಸ್ಥಾಪಿತವಾದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಕಂಪನಿಗಳು ತಮ್ಮ ಆಯವ್ಯಯದ ಲೆಕ್ಕವನ್ನು ಒಪ್ಪಿಸಿ ಬೇಡಿಕೆಯನ್ನು ಸಲ್ಲಿಸಬೇಕು, ಆ ಬೇಡಿಕೆ ಪ್ರಕಟವಾಗಬೇಕು, ಯಾವ ಬಳಕೆದಾರನೇ ಆಗಲಿ ಅದಕ್ಕೆ ಆಕ್ಷೇಪವೆತ್ತಬಹುದು. 2003ರ ಕೇಂದ್ರ ಶಾಸನದಂತೆ ಆಯೋಗವು ಅರ್ಜಿ ಬಂದ 120 ದಿನಗಳೊಳಗಾಗಿ ತೀರ್ಮಾನ ಹೇಳಬೇಕು. ಸದಸ್ಯರನ್ನು ನೇಮಿಸುವುದೂ ನೀತಿಯ ನಿರ್ದೇಶನ ಕೊಡುವುದೂ ಸರ್ಕಾರವೇ ಆದುದರಿಂದ ಅದರ ನೆರಳು ಅಲ್ಲಿ ಬೀಳುವುದೇ ಇಲ್ಲವೆಂದು ಹೇಳುವಷ್ಟು ಮುಗ್ಧತೆ ನನಗಿಲ್ಲ. ಆದರೂ ಕಂಪನಿ ಕೇಳಿದ್ದನ್ನು ಆಯೋಗ ಕಡಿತಗೊಳಿಸುವುದು ಅಪರೂಪವಲ್ಲ. ಅಹವಾಲಿನ ದಿನ ಕೈಗಾರಿಕೆಗಳವರು ವಕೀಲರೊಡನೆ ಬರುತ್ತಾರೆ, ರೈತ ಸಂಘಟನೆಗಳವರೂ ಬರುತ್ತಾರೆ. ಬಿಲ್ಲನ್ನು ಕಂಡು ಬೆಳಗಿನ ಕಾಫಿಯೊಡನೆ ಸರ್ಕಾರವನ್ನು ಶಪಿಸುವ ಮಧ್ಯಮವರ್ಗದ ಗೃಹಸ್ಥನೇ ಅಲ್ಲಿ ವಿರಳ.

ಇನ್ನು ಖಾಸಗಿಯವರು ಬಂದರೆ ಎಲ್ಲವೂ ಅಗ್ಗವಾಗುವುದೆಂದು ಒಂದು ಪಕ್ಷ, ಸುಲಿಗೆಯಾಗುವುದೆಂದು ಇನ್ನೊಂದು ಪಕ್ಷ. ಉಭಯತ್ರರೂ ಒಡಿಶಾದ ಕಥೆಯನ್ನು ನೋಡಬೇಕು. ದೇಶದಲ್ಲಿ ಮೊಟ್ಟಮೊದಲು ವಿತರಣೆಯನ್ನು ಖಾಸಗಿಗೆ ಕೊಟ್ಟ ಆ ರಾಜ್ಯದ ಮಧ್ಯವಲಯವನ್ನು 1999ರಲ್ಲಿ ವಹಿಸಿಕೊಂಡ ಎ.ಇ.ಎಸ್. ಎಂಬ ಅಮೆರಿಕದ ಕಂಪನಿ, ಅದೇ ವರ್ಷದ ಮಹಾ ಚಂಡಮಾರುತದ ಹೊಡೆತವನ್ನೂ ವಸೂಲಾಗದ ಬಾಕಿಯನ್ನೂ ತಾಳಲಾರದೆ 2001ರಲ್ಲಿ ಕೈಕೊಡವಿ ಹೊರಟುಹೋಯಿತು. ಉಳಿದ ಮೂರು ವಲಯಗಳ ಪರವಾನಗಿಯನ್ನು ಆ ರಾಜ್ಯದ ನಿಯಂತ್ರಣ ಆಯೋಗವೇ 2015ರಲ್ಲಿ ರದ್ದುಪಡಿಸಿತು. ದೆಹಲಿಯ ಅನುಭವವಾದರೋ ಬೇರೆ. 2002ರ ಜುಲೈಯಲ್ಲಿ ಶೇಕಡ 51ರ ಪಾಲು ಖಾಸಗಿಗೆ ಹೋದಾಗ ಅಲ್ಲಿ ವಿದ್ಯುತ್ತಿನ ಅರ್ಧದಷ್ಟು ಸೋರಿಕೆಯಲ್ಲಿಯೂ ಕಳವಿನಲ್ಲಿಯೂ ವಸೂಲಾಗದ ಬಾಕಿಯಲ್ಲಿಯೂ ಕರಗುತ್ತಿತ್ತು, ಇಂದು ಆ ನಷ್ಟ ಶೇಕಡ 10ಕ್ಕಿಂತ ಕೆಳಗಿಳಿದಿದೆ. ಹೊಗಳತಕ್ಕ ಸಾಧನೆಯೇ. ಆದರೆ ದರವನ್ನು ಏರಿಸಲು ಮನಸ್ಸಿಲ್ಲದೆ ಮುಂದಿನ ವರ್ಷಗಳಿಗೆ ದೂಡುತ್ತ ಬಂದ ಸಾವಿರಾರು ಕೋಟಿ ರೂಪಾಯಿಗಳ ಲೆಕ್ಕ ಅದೇ ದೆಹಲಿಯಲ್ಲಿ ಬಳಕೆದಾರನ ತಲೆಯ ಮೇಲೆ ತೂಗುತ್ತಿದೆ. ಸೋರಿಕೆ ತಗ್ಗುವುದು ಒಂದು, ಬಿಲ್ಲು ತಗ್ಗುವುದು ಇನ್ನೊಂದು.

ಮೊಬೈಲಿನಂತೆ ಕರೆಂಟಿನಲ್ಲಿಯೂ ಬೇಕಾದ ಕಂಪನಿಯನ್ನು ಆರಿಸಿಕೊಳ್ಳಬಹುದೆಂಬ ಆಸೆಯನ್ನು 2022ರ ತಿದ್ದುಪಡಿ ಮಸೂದೆ ಹುಟ್ಟಿಸಿತು. ಒಂದೇ ಜಾಲದ ಮೇಲೆ ಹಲವರು ವಿತರಕರಿಗೆ ಎಡೆಗೊಡುತ್ತಿದ್ದ ಆ ಮಸೂದೆ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು, ವಿಚಾರವೇನೋ ಬಿದ್ದುಹೋಗಿಲ್ಲ. ಮೊಬೈಲಿನವನಿಗೆ ತನ್ನದೇ ಜಾಲವುಂಟು. ಇಲ್ಲಿಯಾದರೋ ಕಂಬವೂ ಒಂದೇ, ತಂತಿಯೂ ಒಂದೇ, ವೆಚ್ಚದ ಬಹುಭಾಗವೂ ಶಕ್ತಿಯ ಖರೀದಿಗೇ ಸಲ್ಲತಕ್ಕದ್ದು. ಸ್ಪರ್ಧೆಗೆ ಉಳಿಯುವ ಅಂಚು ಕಿರಿದು. ಹೊಸದಾಗಿ ಬಂದವನು ಹೆಚ್ಚು ದರ ತೆರುವ ಕಾರ್ಖಾನೆ, ಮಳಿಗೆಗಳನ್ನು ಆರಿಸಿಕೊಂಡು, ಅವರ ಹಣದಿಂದಲೇ ಸರಿದೂಗುತ್ತಿದ್ದ ಹಳ್ಳಿಯ ಮನೆಗಳನ್ನು ಸರ್ಕಾರಿ ಕಂಪನಿಗೆ ಬಿಟ್ಟುಬಿಟ್ಟರೆ ಏನಾದೀತೆಂಬ ವಿದ್ಯುತ್ ಕಂಪನಿಗಳ ನೌಕರರ ಶಂಕೆ ಕೇವಲ ಸ್ವಾರ್ಥದ ಕೂಗಲ್ಲ.

ಉಚಿತ ವಿದ್ಯುತ್ತಿನ ಭಾರ ಯಾರ ಮೇಲೂ ಬೀಳದೆಂಬುದೂ ಭ್ರಮೆಯೇ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗಾಗಲಿ, ಮನೆಬಳಕೆಗೆಂದು 2023ರಿಂದ ನಡೆದಿರುವ ‘ಗೃಹಜ್ಯೋತಿ’ ಯೋಜನೆಗಾಗಲಿ ಸಲ್ಲುವ ಮೊತ್ತವನ್ನು ಸರ್ಕಾರ ತನ್ನ ಬೊಕ್ಕಸದಿಂದ ಕಂಪನಿಗೆ ಕಟ್ಟಬೇಕು, 2003ರ ಶಾಸನವು ಮುಂಗಡವಾಗಿಯೇ ಕಟ್ಟಬೇಕೆನ್ನುತ್ತದೆ.

ಒಡೆತನವೆಂದರೆ ಸರ್ಕಾರದ್ದು, ಇಲ್ಲವೆ ಖಾಸಗಿಯವರದು ಎಂದೂ ತಿಳಿಯಬೇಕಿಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿಗೆ ಕರೆಂಟು ಹಂಚುವವರು ಸರ್ಕಾರದವರೂ ಅಲ್ಲ, ಬಂಡವಳಿಗರೂ ಅಲ್ಲ. 1969ರಲ್ಲಿ ಹುಟ್ಟಿದ ಸಹಕಾರ ಸಂಘವೊಂದು ಅಲ್ಲಿ ಆ ಕೆಲಸ ಮಾಡುತ್ತಿದೆ, ಬಳಕೆದಾರರೇ ಅದರ ಸದಸ್ಯರು. ಆ ಸಂಘವೂ ದರ ಗೊತ್ತುಮಾಡಿಸಿಕೊಳ್ಳಲು ಬೆಂಗಳೂರಿನ ಅದೇ ಆಯೋಗದ ಮುಂದೆ ಅದೇ ಬಗೆಯ ಅರ್ಜಿಯನ್ನು ಹಿಡಿದು ನಿಲ್ಲುತ್ತದೆ.