ಅಗಳಿ ಯಾರ ಮಾತು ಕೇಳುತ್ತದೆ?

ಗದುಗಿನ ಸನಿಯದ ಹೊಂಬಳದಲ್ಲಿರುವ ನಮ್ಮ ಹಳೆಯ ಮನೆಯ ತಲೆಬಾಗಿಲಿಗೆ ಇಂದಿಗೂ ಕಟ್ಟಿಗೆಯ ಅಗಳಿಯೇ ಕಾವಲು. ಎಪ್ಪತ್ತೆಂಟು ದಾಟಿದ ಅವ್ವ ಅಲ್ಲಿ ಒಬ್ಬಳೇ ಇರುತ್ತಾಳೆ. ಕಳೆದ ಬೇಸಗೆಯಲ್ಲಿ ಒಂದು ಮುಂಜಾನೆ ಆಕೆ ಪಡಸಾಲೆಯಲ್ಲಿ ಜಾರಿ ಬಿದ್ದುದು ನೆರೆಯವರಿಗೆ ತಿಳಿದದ್ದು ಸಂಜೆಗೆ. ಅಂದಿನಿಂದ ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ನೆಮ್ಮದಿಯಿಲ್ಲ. ದೀಪಾವಳಿಗೆ ಬಂದವನು ಒಂದು ಕ್ಯಾಮೆರಾವನ್ನೂ ಫೋನಿನಿಂದಲೇ ತೆರೆಯಬಹುದಾದ ಒಂದು ಬೀಗವನ್ನೂ ತಂದಿದ್ದ. ಅವ್ವ ಎರಡನ್ನೂ ತಿರುವಿ ನೋಡಿ ಕೇಳಿದಳು: “ಅಗಳಿ ನಾ ಹೇಳಿದ್ಹಂಗ ಕೇಳತೈತಿ. ಇದು ಯಾರ ಮಾತ ಕೇಳತೈತಪಾ?”

ಪ್ರಶ್ನೆ ಸರಳವಾದುದು, ಉತ್ತರ ಸರಳವಲ್ಲ. ಇಂಥ ಕ್ಯಾಮೆರಾ ಕಂಡ ದೃಶ್ಯ ಬಹುಮಟ್ಟಿಗೆ ದೂರದ ಯಾವುದೋ ಕಂಪನಿಯ ಗಣಕಯಂತ್ರವನ್ನು ಹಾದು ನಮ್ಮ ಫೋನಿಗೆ ಬರುತ್ತದೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ವೈಜ್ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಪರರ ಮನೆಗಳ ಚಿತ್ರಗಳು ಕಾಣಿಸಿಕೊಂಡವು. ಕಳ್ಳನಾರೂ ಕನ್ನ ಕೊರೆದಿರಲಿಲ್ಲ. ಕಂಪನಿಯ ವ್ಯವಸ್ಥೆಯೇ ಗೊಂದಲಗೊಂಡಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಇನ್ನು ಕನ್ನ ಕೊರೆಯುವವರ ಮಾತು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿ ಇಟ್ಟ ಹೆಸರು–ಪಾಸ್‌ವರ್ಡ್‌ಗಳ ಅರವತ್ತಕ್ಕೂ ಮಿಕ್ಕ ಜೋಡಿಗಳನ್ನು ಒಂದೊಂದಾಗಿ ಪ್ರಯೋಗಿಸಿ, ಜಗತ್ತಿನ ಲಕ್ಷಾಂತರ ಕ್ಯಾಮೆರಾ ಮೊದಲಾದವುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಆ ಸೇನೆ ಡೈನ್ ಎಂಬ ಸಂಸ್ಥೆಯ ಮೇಲೆ ಬಿದ್ದಾಗ, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ದೊರೆಯದಾದವು. ತಮ್ಮ ಗೋಡೆಯ ಕಾವಲುಗಾರನೇ ಪರರ ಸೇನೆ ಸೇರಿದ್ದು ಎಷ್ಟೋ ಮನೆಯವರಿಗೆ ತಿಳಿಯಲೇ ಇಲ್ಲ.

ಕಟ್ಟಿಗೆಯ ಅಗಳಿ ಅಭೇದ್ಯವೆಂದು ನಾನು ಹೇಳಲಾರೆ. ಆದರೆ ಅದನ್ನು ಮುರಿಯಬೇಕಾದವನು ಹೊಂಬಳಕ್ಕೇ ಬರಬೇಕು. ಬಂದರೆ ಓಣಿಯ ನಾಯಿ ಬೊಗಳುತ್ತದೆ. ಈ ಹೊಸ ಕಳ್ಳನಿಗೆ ಊರೂ ಬೇಡ, ಇರುಳೂ ಬೇಡ. ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಆದೇಶವನ್ನು ನಮ್ಮ ಸರಕಾರ 2024ರಲ್ಲಿ ಹೊರಡಿಸಿತು. ಒಳ್ಳೆಯದೇ, ಆದರೆ ನಮ್ಮ ಮನೆಯ ಪಾಸ್‌ವರ್ಡ್ ಬದಲಿಸುವ ಕೆಲಸ ಸರಕಾರದ್ದಲ್ಲ.

ಕೊನೆಗೆ ತಮ್ಮ ಬೀಗವನ್ನು ಮರಳಿ ಒಯ್ದ. ಅವ್ವನ ಒಪ್ಪಿಗೆಯಿಂದ ಕ್ಯಾಮೆರಾ ಪಡಸಾಲೆಗೆ ಮಾತ್ರ ಬಂತು. ಪಾಸ್‌ವರ್ಡ್ ಅಂದೇ ಬದಲಾಯಿತು. ಅದರ ವಿದ್ಯುತ್ ಗುಂಡಿಯನ್ನು ಆಕೆಯ ಕೈಗೆಟಕುವಲ್ಲಿ ಕೂಡಿಸಿದೆವು. ತಲೆ ಬಾಚಿಕೊಳ್ಳುವಾಗ ಆಕೆ ಅದನ್ನು ಆರಿಸುತ್ತಾಳೆ. ಆ ಹೊತ್ತು ಬೆಂಗಳೂರಿನ ತಮ್ಮನಿಗೆ ಕತ್ತಲೆ. ಅವನು ಕಾಯಲು ಕಲಿತಿದ್ದಾನೆ. ಮುಂಜಾನೆ ಎಂಟಾದರೂ ಬಾಗಿಲು ತೆರೆಯದಿದ್ದರೆ ಕೂಗಿ ನೋಡುವ ಭಾರವನ್ನು ನೆರೆಮನೆಯಾಕೆ ವಹಿಸಿಕೊಂಡಿದ್ದಾಳೆ. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ.